ಕಾವಲುಗಾರನ ಹೆಸರಲ್ಲಿ ಬರುವ ಕರೆ: ಹಿರಿಯರ ಆರೋಗ್ಯ ವಿಮೆ ಮತ್ತು ಫೋನ್ ವಂಚನೆಯ ಚರಿತ್ರೆ

ಇವತ್ತಿನದು ಚರಿತ್ರೆಯ ಕಂತು. ರಾಜರಿಲ್ಲ, ಯುದ್ಧ ಇಲ್ಲ. ಒಂದು ಫೋನ್ ಕರೆಯ ಚರಿತ್ರೆ ಹೇಳ್ತೀನಿ.

ಆ ಕರೆ ಸಾಮಾನ್ಯವಾಗಿ ಮಧ್ಯಾಹ್ನ ಬರುತ್ತೆ. ಮನೆಯಲ್ಲಿ ದೊಡ್ಡವರು ಮಾತ್ರ ಇರೋ ಹೊತ್ತು. ಮಾತಾಡೋವರ ದನಿ ತುಂಬ ಮರ್ಯಾದೆಯದು. “ಸರ್, ಹೈದರಾಬಾದಿನ ವಿಮಾ ಪ್ರಾಧಿಕಾರದಿಂದ ಮಾತಾಡ್ತಿದ್ದೀನಿ. ನಿಮ್ಮ ಹಳೇ ಪಾಲಿಸಿಯ ಬೋನಸ್ ನಮ್ಮಲ್ಲೇ ಉಳಿದುಕೊಂಡಿದೆ.” ಅಥವಾ, “ಅಮ್ಮಾ, ನಿಮ್ಮ ಮೆಡಿಕ್ಲೇಮ್ ಇವತ್ತು ಸಂಜೆ ಆರು ಗಂಟೆಗೆ ರದ್ದಾಗುತ್ತೆ. ಸಕ್ಕರೆ ಕಾಯಿಲೆ ಇದೆಯಲ್ವಾ ನಿಮಗೆ, ಮತ್ತೆ ಹೊಸದು ಯಾರೂ ಕೊಡಲ್ಲ.” ಅಥವಾ ಈಚೆಗೆ, “ಎಪ್ಪತ್ತು ದಾಟಿದವರಿಗೆ ಐದು ಲಕ್ಷದ ಕಾರ್ಡ್ ಬಂದಿದೆ, ಒಂದು ಒಟಿಪಿ ಹೇಳಿ ಸಾಕು.”

ಗಮನಿಸಿ, ಈ ಮೂರು ಮಾತಿನಲ್ಲೂ ಅರ್ಧ ಸತ್ಯ ಇದೆ. ವಿಮಾ ಪ್ರಾಧಿಕಾರ ನಿಜವಾಗಿಯೂ ಹೈದರಾಬಾದಿನಲ್ಲೇ ಇದೆ. ಪಾಲಿಸಿ ರದ್ದಾದರೆ ಸಕ್ಕರೆ ಕಾಯಿಲೆ ಇರೋರಿಗೆ ನಿಜಕ್ಕೂ ತೊಂದರೆ. ಎಪ್ಪತ್ತು ದಾಟಿದವರಿಗೆ ಐದು ಲಕ್ಷದ ಯೋಜನೆ ಇರೋದೂ ನಿಜ. ಸುಳ್ಳು ಬರೋದು ಕೊನೆಯ ಅರ್ಧದಲ್ಲಿ. “ದೊಡ್ಡವರು ದಡ್ಡರು, ಅದಕ್ಕೇ ಮೋಸ ಹೋಗ್ತಾರೆ” ಅಂತ ನಾವು ಮನೆಯಲ್ಲಿ ಹೇಳೋ ಮಾತಿದೆಯಲ್ಲ, ಅದು ನನಗೆ ಒಪ್ಪಿಗೆಯಾಗಲ್ಲ. ಅವರು ಮೋಸ ಹೋಗೋದು ಅವರಿಗೆ ವಿಮೆಯ ಚರಿತ್ರೆ ಗೊತ್ತಿರೋದ್ರಿಂದ, ಅದನ್ನು ಬದುಕಿ ನೋಡಿರೋದ್ರಿಂದ. ಹೇಗೆ ಅಂತ ನೋಡೋಣ.

ವಿಮೆಯಲ್ಲಿ ಮೋಸ ಹೊಸದೇನಲ್ಲ. 18ನೇ ಶತಮಾನದ ಲಂಡನ್ನಿನಲ್ಲಿ ಯಾರ ಜೀವದ ಮೇಲೆ ಯಾರು ಬೇಕಾದರೂ ವಿಮೆ ಮಾಡಬಹುದಿತ್ತು. ಕಾಯಿಲೆ ಬಿದ್ದ ದೊಡ್ಡ ಮನುಷ್ಯ ಬದುಕುತ್ತಾನೋ ಇಲ್ಲವೋ ಅಂತ ಜನ ಬಾಜಿ ಕಟ್ಟಿದ ಹಾಗೆ ಪಾಲಿಸಿ ತಗೋತಿದ್ದರು. ಇದನ್ನು ನಿಲ್ಲಿಸೋಕೆ ಬ್ರಿಟನ್ 1774ರಲ್ಲಿ ಒಂದು ಕಾಯಿದೆಯನ್ನೇ ತರಬೇಕಾಯಿತು. ಆ ಮನುಷ್ಯ ಸತ್ತರೆ ನಿನಗೆ ನಷ್ಟ ಆಗುತ್ತೆ ಅನ್ನೋದಾದರೆ ಮಾತ್ರ ಅವನ ಮೇಲೆ ವಿಮೆ ಮಾಡು ಅನ್ನೋದು ಅದರ ಸಾರ. ನಮ್ಮಲ್ಲಿ 1900ರ ನಂತರದ ವರ್ಷಗಳಲ್ಲಿ, ಸ್ವದೇಶಿ ಹುಮ್ಮಸ್ಸಿನಲ್ಲಿ, ಸಣ್ಣ ಸಣ್ಣ ಪ್ರಾವಿಡೆಂಟ್ ಸೊಸೈಟಿಗಳು ಹುಟ್ಟಿಕೊಂಡವು. ಒಳ್ಳೆಯವೂ ಇದ್ದವು, ದುಡ್ಡು ಗುಡಿಸಿಕೊಂಡು ಬಾಗಿಲು ಹಾಕಿದವೂ ಇದ್ದವು. 1912ರಲ್ಲಿ ಸರ್ಕಾರ ಜೀವ ವಿಮಾ ಕಂಪನಿಗಳಿಗೆ ಒಂದು, ಈ ಸೊಸೈಟಿಗಳಿಗೆ ಒಂದು, ಹೀಗೆ ಎರಡು ಕಾಯಿದೆ ಮಾಡಿತು. 1938ರಲ್ಲಿ ಇನ್ನೂ ದೊಡ್ಡ ಕಾಯಿದೆ ಬಂತು. ಅದು ಎಷ್ಟೋ ತಿದ್ದುಪಡಿ ಕಂಡು ಇವತ್ತಿಗೂ ಜಾರಿಯಲ್ಲಿದೆ.

ಆದರೆ ನಮ್ಮ ಕಥೆಗೆ ಮುಖ್ಯವಾದ ದಿನ 1956ರ ಜನವರಿ 19. ಅವತ್ತು ಹಣಕಾಸು ಸಚಿವ ಸಿ.ಡಿ. ದೇಶಮುಖ್ ಆಕಾಶವಾಣಿಯಲ್ಲಿ ಮಾತಾಡಿ, ದೇಶದ ಜೀವ ವಿಮಾ ಕಂಪನಿಗಳನ್ನೆಲ್ಲ ಸರ್ಕಾರ ವಹಿಸಿಕೊಳ್ಳುತ್ತಿದೆ ಅಂತ ಹೇಳಿದರು. ಅದಕ್ಕೆ ಕೆಲವೇ ವಾರ ಮುಂಚೆ ಫಿರೋಜ್ ಗಾಂಧಿ ಲೋಕಸಭೆಯಲ್ಲಿ, ಉದ್ಯಮಿ ರಾಮಕೃಷ್ಣ ದಾಲ್ಮಿಯಾ ತಮ್ಮ ಹಿಡಿತದ ಭಾರತ್ ಇನ್ಶೂರೆನ್ಸ್ ಕಂಪನಿಯ ದುಡ್ಡನ್ನು, ಅಂದರೆ ಪಾಲಿಸಿದಾರರ ದುಡ್ಡನ್ನು, ಸ್ವಂತದ ವ್ಯವಹಾರಕ್ಕೆ ಬಳಸಿಕೊಂಡದ್ದನ್ನು ಬಿಚ್ಚಿಟ್ಟಿದ್ದರು. ದಾಲ್ಮಿಯಾ ಆಮೇಲೆ ಜೈಲಿಗೂ ಹೋದರು. 1956ರ ಸೆಪ್ಟೆಂಬರ್ 1ರಂದು 245 ಸಂಸ್ಥೆಗಳನ್ನು ಸೇರಿಸಿ ಎಲ್‌ಐಸಿ ಹುಟ್ಟಿತು. ದೀಪವನ್ನು ಗಾಳಿಗೆ ಆರದ ಹಾಗೆ ಕಾಯೋ ಎರಡು ಕೈ ಅದರ ಚಿಹ್ನೆ. ನಿಮ್ಮ ಅಜ್ಜನ ಬೀರುವಿನಲ್ಲಿ ಒಂದು ಹಳೇ ಪಾಲಿಸಿ ಪತ್ರ ಇದ್ದರೆ ಅದರ ಮೇಲೆ ನೋಡಿರುತ್ತೀರಿ.

ಇಲ್ಲಿ ಒಂದು ತಲೆಮಾರಿನ ಮನಸ್ಸಿನಲ್ಲಿ ಒಂದು ಸಮೀಕರಣ ಕೂತುಬಿಟ್ಟಿತು: ವಿಮೆ ಅಂದರೆ ಸರ್ಕಾರ, ಸರ್ಕಾರ ಅಂದರೆ ದುಡ್ಡು ಎಲ್ಲೂ ಹೋಗಲ್ಲ. ಸುಮಾರು ನಲವತ್ತು ವರ್ಷ ಅದು ಹೆಚ್ಚುಕಡಿಮೆ ನಿಜವೂ ಆಗಿತ್ತು. 1973ರ ಜನವರಿ 1ರಿಂದ ಸಾಮಾನ್ಯ ವಿಮೆಯೂ ರಾಷ್ಟ್ರೀಕರಣ ಆಯಿತು. ನೂರೇಳು ಕಂಪನಿಗಳು ನಾಲ್ಕಾದವು: ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ. 1986ರಲ್ಲಿ ಈ ನಾಲ್ಕೂ ಸೇರಿ ‘ಮೆಡಿಕ್ಲೇಮ್’ ಅನ್ನೋ ಪಾಲಿಸಿ ತಂದವು. ಇವತ್ತಿಗೂ ನಮ್ಮ ಮನೆಗಳಲ್ಲಿ ಯಾವ ಕಂಪನಿಯ ಆರೋಗ್ಯ ವಿಮೆಯನ್ನಾದರೂ ‘ಮೆಡಿಕ್ಲೇಮ್’ ಅಂತಲೇ ಕರೀತಾರಲ್ಲ, ಹೆಸರು ಬಂದದ್ದು ಅಲ್ಲಿಂದ.

ಆ ಕಾಲದ ಏಜೆಂಟ್ ಯಾರು? ಗೊತ್ತಿರೋ ಮುಖ. ಶಾಲೆ ಮೇಷ್ಟ್ರ ತಮ್ಮ, ಪೋಸ್ಟ್ ಆಫೀಸಿನವರ ಹೆಂಡತಿ, ಎದುರು ಬೀದಿಯ ಮನೆಯವರು. ಮೋಸ ಮಾಡಿದರೆ ಮಾರನೇ ದಿನ ಮದುವೆಮನೆಯಲ್ಲಿ ಸಿಗಬೇಕಿತ್ತು. ಇದನ್ನು ಸಣ್ಣ ವಿಷಯ ಅಂದುಕೋಬೇಡಿ, ಅದೊಂದು ದೊಡ್ಡ ಭದ್ರತೆ. ಕರ್ನಾಟಕದಲ್ಲಿ 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆಯೂ ಇದೇ ನಂಬಿಕೆಯ ಮೇಲೆ ನಿಂತಿದ್ದು. ತಿಂಗಳಿಗೆ ಐದು ರೂಪಾಯಿಯ ಲೆಕ್ಕ, ವರ್ಷಕ್ಕೆ ಅರವತ್ತು. ಶಸ್ತ್ರಚಿಕಿತ್ಸೆ ಉಚಿತ. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು. ಜಾಹೀರಾತು ನೋಡಿ ಸೇರಿದವರು ಕಡಿಮೆ ಅಂತ ನನ್ನ ಅಂದಾಜು. ದುಡ್ಡು ತಗೊಂಡದ್ದು ಊರಿನ ಸಹಕಾರ ಸಂಘ. ಕಾರ್ಯದರ್ಶಿಯ ಮನೆ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿತ್ತು.

ಈಗ ಇನ್ನೊಂದು ದಾರ ಹಿಡಿಯೋಣ. 1993ರಲ್ಲಿ, ರಿಸರ್ವ್ ಬ್ಯಾಂಕಿನ ಮಾಜಿ ಗವರ್ನರ್ ಆರ್.ಎನ್. ಮಲ್ಹೋತ್ರಾ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂತಿತು. ಖಾಸಗಿಯವರಿಗೆ ಬಾಗಿಲು ತೆರೀರಿ, ಮೇಲೊಬ್ಬ ಕಾವಲುಗಾರನನ್ನು ನೇಮಿಸಿ ಅಂತ 1994ರಲ್ಲಿ ವರದಿ ಕೊಟ್ಟಿತು. 1999ರಲ್ಲಿ ಕಾಯಿದೆ ಆಯಿತು, 2000ದಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎ, ಕೆಲಸ ಶುರು ಮಾಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೊದಲ ಖಾಸಗಿ ಕಂಪನಿಗಳಿಗೆ ಪರವಾನಗಿ ಸಿಕ್ಕಿತು.

ಇದೇ ಹೊತ್ತಿಗೆ ಇನ್ನೊಂದು ಕಡೆ ಫೋನ್ ಅಗ್ಗ ಆಗ್ತಾ ಇತ್ತು. ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರದ್ದು, ಕಲ್ಕತ್ತೆಯಿಂದ ಜ್ಯೋತಿ ಬಸು ದೆಹಲಿಯಲ್ಲಿದ್ದ ಸಚಿವ ಸುಖರಾಮ್ ಅವರ ಜೊತೆ ಮಾತಾಡಿದ್ದು. ಆಗ ಒಳಬರೋ ಕರೆಗೂ ದುಡ್ಡು ಕಟ್ಟಬೇಕಿತ್ತು. ಆ ದರದಲ್ಲಿ ಯಾವ ವಂಚಕನೂ ದಿನಕ್ಕೆ ಮುನ್ನೂರು ಜನರಿಗೆ ಫೋನ್ ಮಾಡೋಕಾಗಲ್ಲ. ಹತ್ತು ವರ್ಷದಲ್ಲಿ ಎಲ್ಲ ತಿರುಗಿಹೋಯಿತು. ಕರೆ ಬಹುತೇಕ ಪುಕ್ಕಟೆ, ಸಿಮ್ ಸುಲಭ, ಜೊತೆಗೆ ಕಾಲ್ ಸೆಂಟರ್ ಉದ್ಯಮ ಲಕ್ಷಾಂತರ ಹುಡುಗ ಹುಡುಗಿಯರಿಗೆ ಫೋನಿನಲ್ಲಿ ನಯವಾಗಿ ಮಾತಾಡೋದನ್ನು ಕಲಿಸಿತ್ತು. ಗುರುತಿಲ್ಲದ ಮನುಷ್ಯನ ನಂಬಿಕೆಯನ್ನು ನಲವತ್ತು ಸೆಕೆಂಡಿನಲ್ಲಿ ಹೇಗೆ ಗಳಿಸೋದು, ಬೇಡ ಅಂದರೆ ಮುಂದೆ ಏನು ಹೇಳೋದು, ಎಲ್ಲದಕ್ಕೂ ಸ್ಕ್ರಿಪ್ಟ್. ಅದು ಪ್ರಾಮಾಣಿಕ ಕೆಲಸಕ್ಕೆ ಬಂದ ಕೌಶಲ. ಕೌಶಲಕ್ಕೆ ತಾನು ಯಾರ ಕೈಯಲ್ಲಿದ್ದೀನಿ ಅಂತ ಗೊತ್ತಿರಲ್ಲ. 2016ರ ಅಕ್ಟೋಬರ್‌ನಲ್ಲಿ ಮುಂಬೈ ಪಕ್ಕದ ಮೀರಾ ರೋಡ್‌ನಲ್ಲಿ ಠಾಣೆ ಪೊಲೀಸರು ಕಾಲ್ ಸೆಂಟರ್‌ಗಳ ಮೇಲೆ ದಾಳಿ ಮಾಡಿದಾಗ ನೂರಾರು ಮಂದಿ ಸಿಕ್ಕಿಬಿದ್ದರು. ಅಮೆರಿಕದ ತೆರಿಗೆ ಅಧಿಕಾರಿಗಳ ಸೋಗಿನಲ್ಲಿ ಅಲ್ಲಿನ ಜನರನ್ನು ಹೆದರಿಸೋದು ಅವರ ದಿನದ ಪಾಳಿಯಾಗಿತ್ತು.

ಸರಿ, ಮತ್ತೆ ವಿಮೆಗೆ ಬರ್ತೀನಿ. 2000ದ ದಶಕದ ಮಧ್ಯದಲ್ಲಿ ಮಾರುಕಟ್ಟೆಯ ರಾಜ ಅಂದರೆ ಯೂಲಿಪ್, ಷೇರುಪೇಟೆಗೆ ಗಂಟುಹಾಕಿದ ಪಾಲಿಸಿ. ಮೊದಲ ವರ್ಷದ ಕಂತಿನಲ್ಲಿ ದೊಡ್ಡ ಪಾಲು ಮಾರಿದವನ ಕಮಿಷನ್ನಿಗೆ ಹೋಗ್ತಿತ್ತು. ಬ್ಯಾಂಕಿನ ಕೌಂಟರಿನಲ್ಲೇ, ನಿವೃತ್ತಿ ದುಡ್ಡು ಠೇವಣಿ ಇಡೋಕೆ ಬಂದವರಿಗೆ, “ಎಫ್‌ಡಿಗಿಂತ ಇದು ಒಳ್ಳೇದು” ಅಂತ ಮಾರಿದರು. ಮೂರು ವರ್ಷ ಕಟ್ಟಿದರೆ ಸಾಕು ಅಂತಲೂ ಹೇಳಿದರು. ಎಷ್ಟೋ ಮಂದಿ ಒಂದೋ ಎರಡೋ ಕಂತು ಕಟ್ಟಿ ಬಿಟ್ಟರು. 2008ರಲ್ಲಿ ಷೇರುಪೇಟೆ ಬಿತ್ತು. 2010ರ ಏಪ್ರಿಲ್‌ನಲ್ಲಿ ಸೆಬಿ, 14 ವಿಮಾ ಕಂಪನಿಗಳಿಗೆ ಯೂಲಿಪ್ ಮಾರಬೇಡಿ ಅಂತ ಆದೇಶ ಹೊರಡಿಸಿತು. ಮಾರಬಹುದು ಅಂತ ಐಆರ್‌ಡಿಎ ಹೇಳಿತು. ಎರಡು ಕಾವಲುಗಾರರು ಬೀದಿಯಲ್ಲಿ ಜಗಳಕ್ಕೆ ನಿಂತರು. ಕೊನೆಗೆ ಸುಗ್ರೀವಾಜ್ಞೆ ತಂದು ಸರ್ಕಾರ ಜಗಳ ಬಿಡಿಸಿತು, 2010ರ ಸೆಪ್ಟೆಂಬರ್‌ನಿಂದ ಯೂಲಿಪ್‌ನ ಶುಲ್ಕಗಳಿಗೆ ಮಿತಿ ಬಂತು.

ಇದೆಲ್ಲ ಮುಗಿದಾಗ ಉಳಿದದ್ದು ಏನು? ನಿಂತುಹೋದ ಪಾಲಿಸಿಗಳ ಒಂದು ಬೃಹತ್ ರಾಶಿ, ಅವುಗಳ ಹಿಂದೆ “ನನ್ನ ದುಡ್ಡು ಎಲ್ಲೋ ಸಿಕ್ಕಿಹಾಕಿಕೊಂಡಿದೆ” ಅಂತ ನ್ಯಾಯವಾಗಿಯೇ ನೊಂದ ಜನ, ಮತ್ತು ಅವರ ಹೆಸರು, ವಿಳಾಸ, ಪಾಲಿಸಿ ಸಂಖ್ಯೆ ಇರೋ ಪಟ್ಟಿಗಳು. ಕಮಿಷನ್ ಕಡಿಮೆಯಾಗಿ ಕೆಲಸ ಬಿಟ್ಟ ಮಾರಾಟಗಾರರಿಗೂ ಆ ಪಟ್ಟಿಗಳ ಬೆಲೆ ಗೊತ್ತಿತ್ತು. ಅದೇ ಕಾಲಕ್ಕೆ ದೂರಸಂಪರ್ಕ ನಿಯಂತ್ರಕ ಟ್ರಾಯ್ ಕಿರಿಕಿರಿ ಕರೆಗಳ ವಿರುದ್ಧ ನಿಯಮ ಮಾಡ್ತಾ ಇತ್ತು. 2007ರಲ್ಲಿ ‘ಕರೆ ಮಾಡಬೇಡಿ’ ಪಟ್ಟಿ ಬಂತು, 2011ರಲ್ಲಿ ಟೆಲಿಮಾರ್ಕೆಟಿಂಗ್‌ಗೆ 140ರಿಂದ ಶುರುವಾಗೋ ಸಂಖ್ಯೆ ಬಂತು. ಅದೇ 2011ರಲ್ಲಿ ಫೋನಿನಲ್ಲಿ ವಿಮೆ ಮಾರೋದು ಹೇಗೆ ಅನ್ನೋದಕ್ಕೆ ಐಆರ್‌ಡಿಎ ಮಾರ್ಗಸೂಚಿ ತಂದಿತು. ನಿಯಮ ಪಾಲಿಸೋರು ಪಾಲಿಸಿದರು. ಪಾಲಿಸದವರು ಸಾಮಾನ್ಯ ಹತ್ತಂಕಿಯ ಮೊಬೈಲಿನಿಂದ ಕರೆ ಮಾಡಿದರು.

ಆ ವಂಚನೆಯ ಕೆಲಸಗಾರಿಕೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದರೆ ಇವತ್ತಿನ ಆರೋಗ್ಯ ವಿಮೆಯ ಕರೆ ಅದರದ್ದೇ ಮೊಮ್ಮಗು.

ಮೈಸೂರಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ ಅಂತ ಊಹಿಸಿಕೊಳ್ಳಿ. ನಿಂತುಹೋದ ಒಂದು ಪಾಲಿಸಿ ಇದೆ. ಮೊದಲ ಕರೆಯಲ್ಲಿ ಯಾರೂ ದುಡ್ಡು ಕೇಳಲ್ಲ. ಅವರ ಪಾಲಿಸಿ ಸಂಖ್ಯೆ ಹೇಳ್ತಾರೆ, ಕಟ್ಟಿದ ಕಂತು ಹೇಳ್ತಾರೆ, “ನಿಮ್ಮ ಏಜೆಂಟ್ ನಿಮಗೆ ಮೋಸ ಮಾಡಿದ್ದಾನೆ ಸರ್” ಅಂತ ಅನುಕಂಪ ತೋರಿಸ್ತಾರೆ. ಅನುಕಂಪ ತೋರಿಸೋ ಮೊದಲ ಮನುಷ್ಯ ಆ ಕಳ್ಳನೇ ಆಗಿರೋದು ಈ ವಿಷಯದಲ್ಲಿ ನನಗೆ ಅತ್ಯಂತ ಬೇಸರ ತರಿಸೋ ಸಂಗತಿ. ಎರಡನೇ ಕರೆಯಲ್ಲಿ, ಸಿಕ್ಕಿಹಾಕಿಕೊಂಡ ಬೋನಸ್ ಬಿಡಿಸೋಕೆ ಒಂದು ಹೊಸ ಪಾಲಿಸಿ ತಗೋಬೇಕು, ‘ಏಜೆಂಟ್ ಕೋಡ್ ತೆಗೆಸೋಕೆ’ ಅಂತ ಹೇಳ್ತಾರೆ. ಮೇಷ್ಟ್ರು ಚೆಕ್ ಬರೀತಾರೆ, ಅದೂ ನಿಜವಾದ ಕಂಪನಿಯ ಹೆಸರಿಗೆ. ವಾರದಲ್ಲಿ ನಿಜವಾದ ಪಾಲಿಸಿ ಪತ್ರ ಅಂಚೆಯಲ್ಲಿ ಬರುತ್ತೆ! ಇಲ್ಲೇ ಇರೋದು ಕಸುಬು. ಕರೆ ಮಾಡಿದವನಿಗೆ ಅಥವಾ ಅವನ ಹಿಂದಿರೋ ದಲ್ಲಾಳಿಗೆ ಕಮಿಷನ್ ಸಿಕ್ಕಿತು, ಮೇಷ್ಟ್ರಿಗೆ ಪುರಾವೆ ಸಿಕ್ಕಿತು. “ಸುಳ್ಳಾಗಿದ್ದರೆ ಪಾಲಿಸಿ ಹೇಗೆ ಬರ್ತಿತ್ತು?” ಅಂತ ಮಗಳ ಹತ್ತಿರ ವಾದ ಮಾಡ್ತಾರೆ. ಮೂರನೇ ಕರೆಯಿಂದ ದುಡ್ಡು ಹೋಗೋದು ಬೇರೆ ಬೇರೆ ವ್ಯಕ್ತಿಗಳ ಖಾತೆಗೆ: ಫೈಲ್ ಚಾರ್ಜು, ಸ್ಟ್ಯಾಂಪ್ ಶುಲ್ಕ, ತೆರಿಗೆ, ರಿಸರ್ವ್ ಬ್ಯಾಂಕಿನ ಒಪ್ಪಿಗೆ. ಇದು ತಿಂಗಳುಗಟ್ಟಲೆ ನಡೆಯುತ್ತೆ. ಕೊನೆಗೆ ಮೇಷ್ಟ್ರಿಗೆ ಅನುಮಾನ ಬಂದು ನಿಲ್ಲಿಸಿದಾಗ ಹೊಸ ದನಿ ಬರುತ್ತೆ: “ನಾನು ಒಂಬುಡ್ಸ್‌ಮನ್ ಕಚೇರಿಯಿಂದ, ಆ ಕಳ್ಳರು ಸಿಕ್ಕಿಬಿದ್ದಿದ್ದಾರೆ, ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ. ಸಣ್ಣದೊಂದು ಡೆಪಾಸಿಟ್...”

ಅದೇ ಗುಂಪು, ಅದೇ ಕೋಣೆ, ಎರಡನೇ ಕುರ್ಚಿ. ದೆಹಲಿ, ನೋಯ್ಡಾ, ಗಾಜಿಯಾಬಾದ್ ಸುತ್ತ ಪೊಲೀಸರು ಇಂಥ ಗುಂಪುಗಳನ್ನು ಮತ್ತೆ ಮತ್ತೆ ಹಿಡಿದಿದ್ದಾರೆ.

ನಾನು ಈ ಚರಿತ್ರೆ ಓದುವಾಗ ಕಣ್ಣಿಗೆ ಹೊಡೆದದ್ದು ಇದು. ಜನರನ್ನು ಕಾಯೋಕೆ ಅಂತ ನಾವು ಕಟ್ಟಿದ ಪ್ರತಿ ಸಂಸ್ಥೆಯ ಹೆಸರನ್ನೂ ವಂಚಕರು ಮುಖವಾಡ ಮಾಡಿಕೊಂಡಿದ್ದಾರೆ. ಕಂಪನಿಗಳನ್ನು ಕಾಯೋಕೆ ಐಆರ್‌ಡಿಎ ಬಂತು, ಅದರ ಹೆಸರಲ್ಲಿ ಕರೆ ಬಂತು. ದೂರು ಕೇಳೋಕೆ 1998ರಲ್ಲಿ ವಿಮಾ ಒಂಬುಡ್ಸ್‌ಮನ್ ವ್ಯವಸ್ಥೆ ಬಂತು, ಅದರ ಹೆಸರಲ್ಲೂ ಕರೆ ಬಂತು. ಪೊಲೀಸರ ಸೈಬರ್ ಘಟಕಗಳು ಬಂದವು, ದೇಶದ ಮೊದಲ ಸೈಬರ್ ಅಪರಾಧ ಠಾಣೆ ಶುರುವಾದದ್ದೇ ನಮ್ಮ ಬೆಂಗಳೂರಿನಲ್ಲಿ, 2001ರಲ್ಲಿ. ಈಗ ‘ಡಿಜಿಟಲ್ ಅರೆಸ್ಟ್’ ಅಂತ ಪೊಲೀಸರ ವೇಷದಲ್ಲೇ ವಿಡಿಯೊ ಕರೆ ಬರುತ್ತೆ. ಅಷ್ಟೊಂದು ದೂರು ಬಂದ ಮೇಲೆ ಪ್ರಾಧಿಕಾರ ಒಂದು ಎಚ್ಚರಿಕೆ ಬರೆಯಿಸಿತು: ತಾನು ಪಾಲಿಸಿ ಮಾರೋದಿಲ್ಲ, ಬೋನಸ್ ಘೋಷಿಸೋದಿಲ್ಲ, ಕಂತಿನ ದುಡ್ಡು ಹೂಡೋದಿಲ್ಲ, ಅಂಥ ಕರೆ ಬಂದರೆ ಪೊಲೀಸರಿಗೆ ದೂರು ಕೊಡಿ ಅಂತ. ಇದು ವಿಮಾ ಕಂಪನಿಗಳ ಪಾಲಿಸಿ ಪತ್ರ, ಕರಪತ್ರಗಳಲ್ಲಿ ಇರುತ್ತೆ. ಎಲ್ಲಿ? ಬಹುತೇಕ ಕೊನೆಯ ಪುಟದ ಕೆಳಗೆ, ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡಕ ಹಾಕಿಕೊಂಡು ಕನ್ನಡ ಪೇಪರ್ ಓದೋ ಅಜ್ಜಿಗೆ ಅದು ಸಿಗೋದು ಹೇಗೆ?

ಈಗ ಆರೋಗ್ಯ ವಿಮೆಯ ಕಡೆ. ಜೀವ ವಿಮೆಯ ಕರೆ ಕೆಲಸ ಮಾಡಿದ್ದು ಆಸೆಯ ಮೇಲೆ. ಆರೋಗ್ಯ ವಿಮೆಯದ್ದು ಭಯದ ಮೇಲೆ ನಿಂತಿದೆ, ಮತ್ತು ಆ ಭಯ ಸುಳ್ಳಲ್ಲ. ತುಂಬ ವರ್ಷ ನಮ್ಮಲ್ಲಿ 65 ದಾಟಿದವರಿಗೆ ಹೊಸ ಪಾಲಿಸಿ ಸಿಗೋದೇ ಕಷ್ಟವಾಗಿತ್ತು. ಮೊದಲೇ ಇರೋ ಕಾಯಿಲೆಗಳಿಗೆ ನಾಲ್ಕು ವರ್ಷದವರೆಗೆ ಕಾಯುವ ಅವಧಿ. ಮಧ್ಯೆ ನವೀಕರಣ ತಪ್ಪಿದರೆ ಆ ಲೆಕ್ಕ ಮತ್ತೆ ಸೊನ್ನೆಯಿಂದ. ಪ್ರೀಮಿಯಂ ವರ್ಷ ವರ್ಷ ಏರುತ್ತೆ. 2011ರ ಅಕ್ಟೋಬರ್‌ನಿಂದ ಒಂದು ಕಂಪನಿಯಿಂದ ಇನ್ನೊಂದಕ್ಕೆ ಪಾಲಿಸಿ ‘ಪೋರ್ಟ್’ ಮಾಡೋ ಅವಕಾಶ ಬಂತು, ಒಳ್ಳೆಯದೇ. ಕರೆ ಮಾಡೋರಿಗೂ ಒಂದು ಹೊಸ ಪದ ಸಿಕ್ಕಿತು. “ಅರ್ಧ ಪ್ರೀಮಿಯಂಗೆ ಪೋರ್ಟ್ ಮಾಡಿಕೊಡ್ತೀವಿ, ಶುಗರ್ ಬಿಪಿಗೆ ಮೊದಲ ದಿನದಿಂದ ಕವರ್, ಇವತ್ತೇ ಕಟ್ಟಬೇಕು.” ನಿಜವಾದ ಪೋರ್ಟಿಂಗ್ ಒಂದು ಕರೆಯಲ್ಲಿ ಮುಗಿಯಲ್ಲ. ಅರ್ಜಿ ಹಾಕಬೇಕು, ಹೊಸ ಕಂಪನಿ ಆರೋಗ್ಯದ ವಿವರ ನೋಡಬೇಕು, ಬೇಡ ಅಂತಲೂ ಹೇಳಬಹುದು.

2024ರಲ್ಲಿ ನಿಯಮ ಬಹಳಷ್ಟು ಸಡಿಲ ಆಯಿತು. ಎಲ್ಲ ವಯಸ್ಸಿನವರಿಗೂ ಪಾಲಿಸಿ ಇರಬೇಕು ಅಂತಾಯಿತು. ಹಳೇ ಕಾಯಿಲೆಯ ಕಾಯುವ ಅವಧಿ ಗರಿಷ್ಠ ಮೂರು ವರ್ಷಕ್ಕೆ ಇಳಿಯಿತು. ಪಾಲಿಸಿ ಕೈಗೆ ಬಂದ ಮೇಲೆ ಇಷ್ಟ ಆಗದಿದ್ದರೆ ವಾಪಸ್ ಮಾಡೋಕೆ 30 ದಿನ ಸಿಕ್ಕಿತು, ಮುಂಚೆ ಸಾಮಾನ್ಯವಾಗಿ 15 ದಿನ ಇತ್ತು. 2025ರ ಜನವರಿಯಲ್ಲಿ, ಹಿರಿಯರ ಪ್ರೀಮಿಯಂ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಪ್ರಾಧಿಕಾರವನ್ನು ಕೇಳಬೇಕು ಅಂತ ಆದೇಶ ಬಂತು. ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ ಹೋಯಿತು. ಒಂದೊಂದೂ ಒಳ್ಳೇ ಸುದ್ದಿ. ಆದರೆ ಪೇಪರಿನಲ್ಲಿ ತಲೆಬರಹ ಮಾತ್ರ ಓದಿದವರಿಗೆ “ಜಿಎಸ್‌ಟಿ ರೀಫಂಡ್ ಕೊಡ್ತೀವಿ” ಅನ್ನೋ ದನಿ ಎಷ್ಟು ಸಹಜವಾಗಿ ಕೇಳಿಸಬಹುದು ಯೋಚಿಸಿ.

ಆಯುಷ್ಮಾನ್ ಕಥೆಯೂ ಇದೇ. 2018ರ ಸೆಪ್ಟೆಂಬರ್‌ನಲ್ಲಿ ಶುರುವಾದ ಯೋಜನೆ ಕರ್ನಾಟಕದಲ್ಲಿ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಅನ್ನೋ ಜೋಡಿ ಹೆಸರು ಪಡೆಯಿತು. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, ವರ್ಷಕ್ಕೆ ಐದು ಲಕ್ಷದವರೆಗಿನ ಚಿಕಿತ್ಸೆಯ ವಿಸ್ತರಣೆಗೆ ಚಾಲನೆ ಕೊಟ್ಟಿತು. ನೋಂದಣಿಗೆ ಆಧಾರ್ ಬೇಕು, ಒಟಿಪಿ ಬರುತ್ತೆ. ಅಂದರೆ ಅಸಲಿ ಕೆಲಸಕ್ಕೂ ಆಧಾರ್ ಮತ್ತು ಒಟಿಪಿ, ನಕಲಿ ಕೆಲಸಕ್ಕೂ ಆಧಾರ್ ಮತ್ತು ಒಟಿಪಿ. “ಒಟಿಪಿ ಯಾರಿಗೂ ಹೇಳಬೇಡಿ” ಅಂತ ನಾವು ಹೇಳ್ತೀವಿ, ಆದರೆ ಅಜ್ಜಿ ಗ್ಯಾಸ್ ಸಿಲಿಂಡರ್ ತಂದವನಿಗೆ, ಕೊರಿಯರ್‌ನವನಿಗೆ, ಸೇವಾ ಕೇಂದ್ರದ ಹುಡುಗನಿಗೆ ವಾರಕ್ಕೊಂದು ಒಟಿಪಿ ಹೇಳ್ತಾನೇ ಇರ್ತಾರೆ. ಹಾಗಾಗಿ ಆ ಬುದ್ಧಿಮಾತು ಅವರಿಗೆ ತಾಗಲ್ಲ. ಇನ್ನೊಂದು ರೀತಿ ಹೇಳಿ ನೋಡಿ: ನೀವಾಗಿ ಹೋಗಿ ಶುರು ಮಾಡಿದ ಕೆಲಸಕ್ಕೆ ಬಂದ ಒಟಿಪಿ ಒಂದು, ಯಾರೋ ಫೋನ್ ಮಾಡಿ ಶುರು ಮಾಡಿದ ಕೆಲಸದ್ದು ಇನ್ನೊಂದು. ಎರಡನೆಯದನ್ನು ಹೇಳಬಾರದು. ಕಾರ್ಡ್ ಮಾಡಿಸೋಕೆ ಶುಲ್ಕ ಇಲ್ಲ, ಯೋಜನೆಯ ಸಹಾಯವಾಣಿ 14555.

ಅಮೆರಿಕದಲ್ಲಿ ಮಕ್ಕಳ ಜೊತೆ ನೆಲೆಸಿರೋ ಅಪ್ಪ ಅಮ್ಮಂದಿರು ಇದನ್ನೇ ಬೇರೆ ಹೆಸರಲ್ಲಿ ನೋಡಿದ್ದಾರೆ. ಅಲ್ಲಿ 65 ದಾಟಿದವರ ಸರ್ಕಾರಿ ವಿಮೆ ಮೆಡಿಕೇರ್, 1965ರದ್ದು. ಅದರ ಕಾರ್ಡಿನ ಮೇಲೆ ದಶಕಗಳ ಕಾಲ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯನ್ನೇ ಅಚ್ಚು ಹಾಕ್ತಿದ್ದರು. ಅದು ಕಳ್ಳರ ಕೈಗೆ ಸಿಗಬಾರದು ಅಂತ 2018ರ ಏಪ್ರಿಲ್‌ನಿಂದ ಹೊಸ ಸಂಖ್ಯೆಯ ಕಾರ್ಡ್‌ಗಳನ್ನು ಅಂಚೆಯಲ್ಲಿ ಕಳಿಸಿದರು. ಕೂಡಲೇ “ಹೊಸ ಕಾರ್ಡಿಗೆ ಶುಲ್ಕ ಕಟ್ಟಿ, ಹಳೇ ಸಂಖ್ಯೆ ಖಚಿತ ಮಾಡಿ” ಅನ್ನೋ ಕರೆಗಳು ಶುರು! ಬೀಗ ಬದಲಾಯಿಸೋ ದಿನವೇ ಕಳ್ಳ ಬೀಗದವನ ವೇಷ ಹಾಕಿದ.

ಹಾಗಾದರೆ ಕರೆ ಮಾಡೋರಿಗೆ ಅಜ್ಜಿಯ ಸಕ್ಕರೆ ಕಾಯಿಲೆ ಹೇಗೆ ಗೊತ್ತು? ದಾಖಲೆ ಸೋರುತ್ತೆ, ಅಷ್ಟೇ. 2024ರ ಸೆಪ್ಟೆಂಬರ್‌ನಲ್ಲಿ ಚೆನ್ನೈನ ಸ್ಟಾರ್ ಹೆಲ್ತ್ ಕಂಪನಿಯ ಗ್ರಾಹಕರ ದಾಖಲೆಗಳು, ವೈದ್ಯಕೀಯ ವರದಿಗಳೂ ಸೇರಿ, ಟೆಲಿಗ್ರಾಮ್ ಚಾಟ್‌ಬಾಟ್‌ಗಳಲ್ಲಿ ಕೇಳಿದರೆ ಸಿಗುವ ಸ್ಥಿತಿಯಲ್ಲಿದ್ದವು. ಕಂಪನಿ ಮದ್ರಾಸ್ ಹೈಕೋರ್ಟಿಗೆ ಹೋಯಿತು. ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣೆಗೆ 2023ರಲ್ಲೇ ಕಾಯಿದೆ ಬಂದಿದೆ, ಆದರೆ ಸೋರಿಹೋದ ರಿಪೋರ್ಟನ್ನು ಯಾವ ಕಾಯಿದೆಯೂ ವಾಪಸ್ ತುಂಬಿಸಿಡಲ್ಲ. ಹಾಗಾಗಿ ಮನೆಯಲ್ಲಿ ಒಂದು ಮಾತು ಸ್ಪಷ್ಟ ಆಗಬೇಕು. ನಮ್ಮ ಬಗ್ಗೆ ಗೊತ್ತಿರೋನು ನಮ್ಮವನು ಅನ್ನೋದು ಹಳೇ ಕಾಲದ ಊರಿನ ಲೆಕ್ಕ. ಪಾಲಿಸಿ ಸಂಖ್ಯೆ, ಹುಟ್ಟಿದ ದಿನ, ಕಾಯಿಲೆ ಎಲ್ಲ ಹೇಳಿದರೂ ಅವನು ಯಾರು ಅಂತ ಏನೂ ಸಾಬೀತಾಗಿಲ್ಲ.

ಮತ್ತೆ ನಾವು, ಮನೆಯ ಚಿಕ್ಕವರು, ಏನು ಮಾಡಬಹುದು? ಮೊದಲು ಭಾನುವಾರ ಒಂದು ಗಂಟೆ ಕೂತು ಮನೆಯ ಎಲ್ಲ ಪಾಲಿಸಿ ಪತ್ರ ಹೊರಗೆ ತೆಗೀರಿ. ನವೀಕರಣದ ತಾರೀಕು ದಪ್ಪ ಅಕ್ಷರದಲ್ಲಿ ಕ್ಯಾಲೆಂಡರ್ ಮೇಲೆ ಬರೀರಿ. “ಇವತ್ತೇ ರದ್ದು” ಅನ್ನೋ ಮಾತಿನ ಅರ್ಧ ಬಲ ಅಲ್ಲೇ ಹೋಗುತ್ತೆ. ವಾರ್ಷಿಕ ಕಂತಿನ ಪಾಲಿಸಿಗೆ ಸಾಮಾನ್ಯವಾಗಿ 30 ದಿನದ ಹೆಚ್ಚುವರಿ ಗಡುವು ಇರುತ್ತೆ, ಅದರೊಳಗೆ ಕಟ್ಟಿದರೆ ಕಾಯುವ ಅವಧಿಯ ಹಳೇ ಲೆಕ್ಕ ಅಳಿಯಲ್ಲ. ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಕ್ಲೇಮ್ ಸಿಗದೇ ಇರಬಹುದು, ಆದ್ದರಿಂದ ತಡ ಮಾಡೋದು ಬೇಡ, ಆದರೆ ಸಂಜೆ ಆರರ ಗಡುವು ಅಂತೂ ಇಲ್ಲ. ಕಂಪನಿಯ ಸಂಖ್ಯೆಯನ್ನು ಪಾಲಿಸಿ ಪತ್ರದಿಂದಲೇ ನೋಡಿ ಅವರ ಫೋನಿನಲ್ಲಿ ಉಳಿಸಿ, ಗೂಗಲ್‌ನಲ್ಲಿ ಹುಡುಕಿ ಬೇಡ, ಅಲ್ಲೂ ನಕಲಿ ಸಹಾಯವಾಣಿಗಳು ಕೂತಿರುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್ ಯಾವುದೇ ಕಾರಣಕ್ಕೂ ಒತ್ತಬಾರದು. ಬ್ಯಾಂಕು, ವಿಮಾ ಕಂಪನಿಗಳ ಸೇವಾ ಕರೆಗೆ 1600ರಿಂದ ಶುರುವಾಗೋ ಸಂಖ್ಯೆಯನ್ನು ಟ್ರಾಯ್ ಹಂತ ಹಂತವಾಗಿ ಕಡ್ಡಾಯ ಮಾಡ್ತಾ ಬಂದಿದೆ. ಹತ್ತಂಕಿಯ ಮೊಬೈಲಿನಿಂದ ‘ಪ್ರಾಧಿಕಾರ’ ಮಾತಾಡಿದರೆ ಇಟ್ಟುಬಿಡೋಕೆ ಅದೂ ಒಂದು ಕಾರಣ. ಹಾಗಂತ 1600 ಅಂದ ತಕ್ಷಣ ಕಣ್ಣುಮುಚ್ಚಿ ನಂಬೋದೂ ಬೇಡ. ಚರಿತ್ರೆ ಕೇಳಿದಿರಲ್ಲ, ಮುಖವಾಡ ಆಗದ ಹೆಸರಿಲ್ಲ.

ಫೋನ್ ಇಟ್ಟುಬಿಡೋಕೆ ದೊಡ್ಡವರಿಗೆ ಸಂಕೋಚ. ಎದುರಿನವರು ಮಾತಾಡ್ತಿರುವಾಗ ಮಧ್ಯೆ ಕತ್ತರಿಸೋದು ಅವರ ಕಾಲದ ಮರ್ಯಾದೆಯಲ್ಲಿಲ್ಲ. ಅವರಿಗೆ ಒಂದು ವಾಕ್ಯ ಕೊಡಿ, ಅದನ್ನು ಹೇಳೋದು ಮರ್ಯಾದೆಗೇಡು ಅನ್ನಿಸಬಾರದು: “ದುಡ್ಡಿನ ವಿಷಯ ಎಲ್ಲ ಮೊಮ್ಮಗಳು ನೋಡ್ಕೋತಾಳೆ, ಸಂಜೆ ಅವಳಿಗೆ ಹೇಳಿ.” ಇದನ್ನು ಎರಡು ಸಲ ಜೊತೆಗೆ ಕೂತು ಹೇಳಿಸಿ. ನಗ್ತಾರೆ, ಪರವಾಗಿಲ್ಲ.

ಆದರೂ ದುಡ್ಡು ಹೋಯಿತು ಅಂತಿಟ್ಟುಕೊಳ್ಳಿ. ಆಗ ಗಡಿಯಾರ ಓಡ್ತಿರುತ್ತೆ. 1930ಕ್ಕೆ ತಕ್ಷಣ ಕರೆ ಮಾಡಬೇಕು. 2021ರಲ್ಲಿ 155260 ಅಂತ ಶುರುವಾಗಿ ಆಮೇಲೆ 1930 ಆದ ಸಹಾಯವಾಣಿ ಅದು. ದುಡ್ಡು ಖಾತೆಯಿಂದ ಖಾತೆಗೆ ಹಾರೋ ಮುಂಚೆ ತಡೆಹಿಡಿಯೋಕೆ ಇರೋ ದಾರಿ. ಬ್ಯಾಂಕಿಗೂ ತಿಳಿಸಬೇಕು. 2017ರ ಜುಲೈನ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ, ಗ್ರಾಹಕರೇ ಒಟಿಪಿ ಹಂಚಿಕೊಂಡಿದ್ದರೆ ಬ್ಯಾಂಕಿಗೆ ತಿಳಿಸೋವರೆಗಿನ ನಷ್ಟ ಗ್ರಾಹಕರದ್ದು, ತಿಳಿಸಿದ ಮೇಲೆ ಆಗೋ ನಷ್ಟ ಬ್ಯಾಂಕಿನದು. ಅಂದರೆ ಅಜ್ಜ ನಾಚಿಕೆಯಿಂದ ಎರಡು ದಿನ ಬಾಯಿ ಬಿಡದೇ ಇದ್ದರೆ ಆ ಎರಡು ದಿನಕ್ಕೆ ಬೆಲೆ ಇದೆ, ರೂಪಾಯಿಯಲ್ಲಿ. ಅವರು ಬಾಯಿ ಬಿಡೋದು, ಬೈಸಿಕೊಳ್ಳಲ್ಲ ಅನ್ನೋ ಧೈರ್ಯ ಇದ್ದರೆ ಮಾತ್ರ. ಹೋದ ವರ್ಷ ವಾಟ್ಸ್ಆ್ಯಪ್‌ನಲ್ಲಿ ಸುಳ್ಳು ಸುದ್ದಿ ಫಾರ್ವರ್ಡ್ ಮಾಡಿದ್ದಕ್ಕೆ ಎಲ್ಲರೆದುರು ನಕ್ಕಿದ್ದೀರಲ್ಲ, ಅದು ಅವರಿಗೆ ನೆನಪಿರುತ್ತೆ.

ತಪ್ಪು ಹೇಳಿ ನಿಜವಾದ ಪಾಲಿಸಿಯನ್ನೇ ಮಾರಿದ್ದರೆ ದಾರಿ ಬೇರೆ. 30 ದಿನದೊಳಗಾದರೆ ಪಾಲಿಸಿ ವಾಪಸ್ ಮಾಡಿ. ದಾಟಿದ್ದರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ, ಪ್ರಾಧಿಕಾರದ ‘ಬಿಮಾ ಭರೋಸಾ’ದಲ್ಲೂ ದಾಖಲಿಸಬಹುದು, ಅದರ ಸಂಖ್ಯೆ 155255. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ವಿಮಾ ಒಂಬುಡ್ಸ್‌ಮನ್. ಬೆಂಗಳೂರಿನಲ್ಲಿ ಕಚೇರಿ ಇದೆ. ವಕೀಲರು ಬೇಡ, ಶುಲ್ಕ ಇಲ್ಲ, 50 ಲಕ್ಷ ರೂಪಾಯಿವರೆಗಿನ ಪರಿಹಾರ ಕೊಡಿಸೋ ಅಧಿಕಾರ ಅದಕ್ಕಿದೆ. ನಿಜವಾದ ಒಂಬುಡ್ಸ್‌ಮನ್ ಹತ್ತಿರ ನೀವು ಅರ್ಜಿ ತಗೊಂಡು ಹೋಗಬೇಕು. ಅವರಾಗಿ ಫೋನ್ ಮಾಡಿ ಡೆಪಾಸಿಟ್ ಕೇಳಲ್ಲ.

ಇವತ್ತಿಗೆ ಇಷ್ಟು. ಈ ಕಂತನ್ನು ಅಜ್ಜಿಗೆ ಕಳಿಸೋದಾದರೆ ಲಿಂಕ್ ಫಾರ್ವರ್ಡ್ ಮಾಡಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಅಂತ ನೀವೇ ಹೇಳಿರ್ತೀರಿ. ಪಕ್ಕದಲ್ಲಿ ಕೂತು ಸ್ಪೀಕರ್‌ನಲ್ಲಿ ಕೇಳಿಸಿ.